ಮೂರನೇ ಲೋಡಿನ ಪಟ್ಟಿ

ಆ ಬುಧವಾರ ಬೆಳಿಗ್ಗೆ ಮೂರನೇ ಲೋಡಿನ ಬಾಗಿಲು ತೆಗೆದಾಗ ಪಟ್ಟಿ ಕಪ್ಪಾಗಿರಲಿಲ್ಲ. ಟೀ ಬಣ್ಣಕ್ಕೆ ಬಂದು ಅಲ್ಲೇ ನಿಂತಿತ್ತು. ನಾನು ಅದನ್ನು ನೋಡಿದೆ. ಅವಸರದಲ್ಲಿ ಸರಿಯಾಗಿ ನೋಡಲಿಲ್ಲ, ಬೆಳಕು ಕಡಿಮೆ ಇತ್ತು ಎಂದೆಲ್ಲ ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಟ್ಯೂಬ್‌ಲೈಟಿನ ಕೆಳಗೇ ನಿಂತಿದ್ದೆ, ಚೆನ್ನಾಗಿಯೇ ನೋಡಿದೆ.

ಪಟ್ಟಿ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಕೋಲಾರದ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ನಾನು ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಅಲ್ಲಿ ಕತ್ತರಿ, ಚಿಮಟ, ಸೂಜಿ ಎಲ್ಲವನ್ನೂ ತೊಳೆದು, ಬಟ್ಟೆಯಲ್ಲಿ ಸುತ್ತಿ, ಆಟೋಕ್ಲೇವ್ ಎಂಬ ಯಂತ್ರದೊಳಗೆ ಇಡುತ್ತೇವೆ. ದೊಡ್ಡ ಕುಕ್ಕರ್ ಎಂದುಕೊಳ್ಳಿ. ಹದಿನೈದು ಪೌಂಡು ಪ್ರೆಷರ್, ನೂರ ಇಪ್ಪತ್ತೊಂದು ಡಿಗ್ರಿ, ಅರ್ಧ ಗಂಟೆ. ಹಬೆ ಒಳಗಿನ ಗಂಟಿನವರೆಗೂ ಹೊಕ್ಕು ಕ್ರಿಮಿ ಸತ್ತವೋ ಇಲ್ಲವೋ ಎಂದು ತಿಳಿಯಲು ಪ್ರತಿ ಲೋಡಿನ ನಡುವೆ ಒಂದು ಕಾಗದದ ಪಟ್ಟಿ ಇಡುತ್ತೇವೆ. ಶಾಖ, ಹಬೆ, ಸಮಯ ಮೂರೂ ಸರಿಯಾಗಿದ್ದರೆ ಪಟ್ಟಿ ಕಪ್ಪಾಗುತ್ತದೆ. ಅದನ್ನು ರಿಜಿಸ್ಟರಿಗೆ ಗೋಂದಿನಲ್ಲಿ ಅಂಟಿಸಿ, ತಾರೀಕು, ಲೋಡಿನ ನಂಬರು ಬರೆದು, ಸಹಿ ಹಾಕಬೇಕು. ಕಪ್ಪಾಗದಿದ್ದರೆ ಆ ಲೋಡನ್ನು ಮುಟ್ಟುವಂತಿಲ್ಲ, ಮತ್ತೆ ಮೊದಲಿಂದ ಹಾಕಬೇಕು. ಇಷ್ಟೇ ನಿಯಮ. ನರ್ಸಿಂಗ್ ಓದುವ ಹುಡುಗಿಯರಿಗೆ ನಾನೇ ಇದನ್ನು ಪಾಠ ಮಾಡುತ್ತಿದ್ದೆ, ಅದೂ ಗದರಿಸಿ.

ನಮ್ಮ ಯಂತ್ರದ ಬಾಗಿಲಿನ ರಬ್ಬರು ಹಳೆಯದಾಗಿತ್ತು. ಬೆಳಿಗ್ಗೆ ಯಂತ್ರ ತಣ್ಣಗಿದ್ದಾಗ ಗಟ್ಟಿಯಾಗಿ ಕೂರುತ್ತಿತ್ತು, ಮೊದಲ ಲೋಡು ಯಾವತ್ತೂ ಚಿನ್ನದಂತೆ ಆಗುತ್ತಿತ್ತು. ಬಿಸಿ ಏರಿದ ಮೇಲೆ ರಬ್ಬರು ಮೆತ್ತಗಾಗಿ ಹಬೆ ಸೋರುತ್ತಿತ್ತು. ಎರಡನೆಯದು ಒಂದೊಂದು ದಿನ ಆಗುತ್ತಿತ್ತು, ಒಂದೊಂದು ದಿನ ಇಲ್ಲ. ಇದನ್ನು ಮೊದಲು ಕಂಡುಹಿಡಿದವಳು ನಾನಲ್ಲ, ಆಯಮ್ಮ.

ಆಯಮ್ಮ ಎಂದರೆ ಥಿಯೇಟರಿನ ಆಯಾ. ಮುಳಬಾಗಿಲು ಕಡೆಯವಳು, ಮನೆಮಾತು ತೆಲುಗು. ನನಗಿಂತ ಎಂಟು ವರ್ಷ ದೊಡ್ಡವಳು, ಆದರೂ ನಾನು ಅವಳಿಗೆ ನೀನು ಎನ್ನುತ್ತಿದ್ದೆ, ಅವಳು ನನಗೆ ನೀವು ಎನ್ನುತ್ತಿದ್ದಳು. ಆಸ್ಪತ್ರೆಗಳಲ್ಲಿ ಇದನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ. ಆಪರೇಷನ್ ಮುಗಿದ ಸಾಮಾನುಗಳನ್ನು ತೊಳೆಯುವುದು ಅವಳ ಕೆಲಸ. ಓದು ಬಾರದು, ಅಂಕಿ ಗೊತ್ತಿತ್ತು. ಯಂತ್ರದ ಸದ್ದು ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಸಿಸ್ಟರಮ್ಮ, ಮಿಷಿನ್ನು ಬುಸ್ ಅಂತೈತೆ ನೋಡಿ. ಬಾಗಿಲ ರಬ್ಬರು ಹೋಗೈತೆ," ಎಂದಳು ಒಂದು ದಿನ.

"ನೀನೇನು ಇಂಜಿನಿಯರಾ? ತೊಳಿ ಹೋಗು," ಎಂದೆ.

ಆದರೂ ಮ್ಯಾನೇಜರ್ ಸಾರ್‌ಗೆ ಹೇಳಿದೆ. ಎರಡು ಸಲ ಹೇಳಿದೆ. "ಬೆಂಗಳೂರಿಂದ ಮೆಕ್ಯಾನಿಕ್ ಈ ವಾರ ಬರ್ತಾನೆ ಸಿಸ್ಟರ್, ಅಡ್ಜಸ್ಟ್ ಮಾಡ್ಕೊಳಿ," ಎಂದರು ಎರಡೂ ಸಲ. ಕಾಗದದಲ್ಲಿ ಬರೆದುಕೊಡಬೇಕಿತ್ತು, ಕೊಡಲಿಲ್ಲ. ಬರೆದರೆ ನಾನು ಜಗಳಗಂಟಿ ಎಂಬ ಹೆಸರು ಬರುತ್ತದೆ ಎಂಬ ಭಯ. ಆ ತಿಂಗಳೇ ಗುಣಮಟ್ಟದ ಸರ್ಟಿಫಿಕೇಟಿಗಾಗಿ ತಪಾಸಣೆಯವರು ಬರುವವರಿದ್ದರು. ನನ್ನ ರಿಜಿಸ್ಟರ್ ಎಂದರೆ ಇಡೀ ಆಸ್ಪತ್ರೆಗೆ ಮಾದರಿ. ಹಿಂದಿನ ಸಲ ಬಂದವರು ಪುಟ ತಿರುಗಿಸಿ, ಪ್ರಿಂಟ್ ಹಾಕಿದಂತಿದೆ ಎಂದು ಹೊಗಳಿ ಹೋಗಿದ್ದರು. ಅದರಲ್ಲಿ ಟೀ ಬಣ್ಣದ ಪಟ್ಟಿಗಳನ್ನು ಅಂಟಿಸಿ ನಾನು ಹೇಗೆ ಕೂರಲಿ?

ಆಗ ನನ್ನ ಬುದ್ಧಿವಂತ ತಲೆಗೆ ಒಂದು ಉಪಾಯ ಹೊಳೆಯಿತು. ಯಾರೂ ಹೇಳಿಕೊಟ್ಟದ್ದಲ್ಲ, ಮ್ಯಾನೇಜರ್ ಒತ್ತಾಯ ಮಾಡಿದ್ದಲ್ಲ. ಬೆಳಗಿನ ಮೊದಲ ಲೋಡಿಗೆ ಒಂದು ಪಟ್ಟಿಯ ಬದಲು ಆರು ಇಟ್ಟೆ. ಆರೂ ಕಪ್ಪಾಗಿ ಬಂದವು. ಒಂದನ್ನು ಅಂಟಿಸಿ ಉಳಿದ ಐದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆ. ಆಮೇಲೂ ಆಗಾಗ ಹೀಗೇ ಮಾಡುತ್ತಿದ್ದೆ. ಆಮೇಲಿನ ಲೋಡುಗಳ ಪಟ್ಟಿ ಸರಿಯಾಗಿ ಕಪ್ಪಾಗದಿದ್ದರೆ ಡಬ್ಬಿಯಿಂದ ಒಂದು ತೆಗೆದು ಅಂಟಿಸುವುದು. ಸಾಮಾನುಗಳನ್ನು ಹತ್ತು ನಿಮಿಷ ಹೆಚ್ಚು ಬಿಡುವುದು. ಇನ್ನೇನಾಗಬೇಕು, ಸಾಕು ಎಂದುಕೊಂಡೆ. ಕಣ್ಣಿನ ಆಪರೇಷನ್ನಿನ ಸೆಟ್ಟುಗಳನ್ನು ಮಾತ್ರ ತಪ್ಪದೆ ಮೊದಲ ಲೋಡಿಗೇ ಹಾಕುತ್ತಿದ್ದೆ. ಅಷ್ಟು ಮಾಡಿದ್ದಕ್ಕೇ ನನ್ನನ್ನು ನಾನು ಬಹಳ ಜವಾಬ್ದಾರಿಯವಳು ಎಂದುಕೊಂಡಿದ್ದೆ.

ಒಂದು ಅಭ್ಯಾಸ ಮಾತ್ರ ಕೈಬಿಡಲಿಲ್ಲ. ಟ್ರೈನಿಂಗಿನಲ್ಲಿ ನಮ್ಮ ಟ್ಯೂಟರ್ ಮೇಡಂ ಕಲಿಸಿದ್ದು: ಪಟ್ಟಿಯನ್ನು ಒಳಗಿಡುವ ಮೊದಲು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಕು, ಲೋಡಿನ ನಂಬರು ಬರೆಯಬೇಕು. ಪೆನ್ಸಿಲ್ ಬರಹ ಹಬೆಗೂ ಅಳಿಸದು. ಡಬ್ಬಿಗೆ ಹೋಗುವ ಐದರ ಬೆನ್ನಿಗೂ ನನ್ನ ಕೈ ತಾನಾಗಿಯೇ ಅದನ್ನು ಬರೆದುಬಿಡುತ್ತಿತ್ತು. ಹೇಗೂ ಅಂಟಿಸಿದ ಮೇಲೆ ಬೆನ್ನು ಯಾರಿಗೆ ಕಾಣುತ್ತದೆ?

ಆ ಬುಧವಾರ ಕಣ್ಣಿನ ಆಪರೇಷನ್ ಎಂದಿನಂತೆ ಐದಲ್ಲ, ಒಂಬತ್ತಿದ್ದವು. ಉಚಿತ ಕಣ್ಣಿನ ಕ್ಯಾಂಪಿನಿಂದ ಬಂದವರನ್ನೂ ಸೇರಿಸಿದ್ದರು. ನಮ್ಮಲ್ಲಿದ್ದದ್ದು ಆರು ಸೆಟ್ಟು. ಮೊದಲ ಆರು ಜನಕ್ಕೆ ಅವು ಹೋದವು, ಉಳಿದ ಮೂವರಿಗೆ ಬಳಸಿದ ಸೆಟ್ಟುಗಳನ್ನೇ ತೊಳೆದು ಮತ್ತೆ ಹಾಕಬೇಕಾಯಿತು. ಆಯಮ್ಮ ತೊಳೆದು ಕೊಟ್ಟಳು, ನಾನು ಸುತ್ತಿ ಹಾಕಿದೆ. ಎರಡನೆಯದರಲ್ಲಿ ಬೇರೆ ಸಾಮಾನು ಹೋಗಿತ್ತು, ಇದೇ ಮೂರನೇ ಲೋಡು.

ಏಳನೆಯವಳು ವಕ್ಕಲೇರಿ ಕಡೆಯ ರೇಷ್ಮೆ ಸಾಕುವ ಹೆಂಗಸು, ಅರವತ್ತರ ಮೇಲಿನ ವಯಸ್ಸು. ಹಸಿರು ಗೌನು ಹಾಕಿಕೊಂಡು ಬೆಂಚಿನ ಮೇಲೆ ಕೂತು ಬಾಯಿ ಮುಚ್ಚದೆ ಮಾತಾಡುತ್ತಿದ್ದಳು.

"ಬ್ಯಾಗ ಮಾಡಿ ಕಳ್ಸಮ್ಮ ತಾಯಿ. ಹುಳ ನಾಲ್ಕನೇ ಜ್ವರ ಎದ್ದೈತೆ. ಇನ್ನೊಂದ್ ವಾರಕ್ಕೆ ಹಣ್ಣಾಯ್ತದೆ. ಹಣ್ಣುಳ ಆಯೋಕೆ ನನ್ ಬಿಟ್ರೆ ಮನ್ಯಾಗೆ ಯಾರಿಗೂ ಕಣ್ಣಿಲ್ಲ."

ಚರ್ಮ ಕಳಚುವ ನಾಲ್ಕು ಜ್ವರ ದಾಟಿ ಗೂಡು ಕಟ್ಟುವ ಹೊತ್ತಿಗೆ ಬಂದ ಹುಳು ಹಣ್ಣಾಗಿ ಮೈ ತಿಳಿಯಾಗುತ್ತದೆ. ಅದನ್ನು ಹಸಿ ಹುಳದ ನಡುವೆ ಗುರುತಿಸಿ ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ಆ ನೋಟ ಎಲ್ಲರಿಗೂ ಬರುವುದಿಲ್ಲ. ಕಣ್ಣಿಗೆ ಪೊರೆ ಬಂದು ಎರಡು ಬೆಳೆಯಿಂದ ಗುರುತಿಸಲು ಕಷ್ಟವಾಗಿ ಅವಳು ಆಪರೇಷನ್ನಿಗೆ ಬಂದಿದ್ದಳು. ಅವಳಿಗೆ ಚಳಿ ಎಂದು ಆಯಮ್ಮ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದಳು. ಇಬ್ಬರೂ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು.

ಒಳಗಿಂದ ಡಾಕ್ಟರ್ ಸಾರ್ ಕೂಗಿದರು: "ಸಿಸ್ಟರ್, ಸೆಟ್ ರೆಡಿನಾ?"

ನನ್ನ ಕೈಯಲ್ಲಿ ಟೀ ಬಣ್ಣದ ಪಟ್ಟಿ. ಮತ್ತೆ ಹಾಕಿದರೆ ಯಂತ್ರ ತಣ್ಣಗಾಗಿ, ಬಿಸಿಯಾಗಿ, ಒಂದೂವರೆ ಗಂಟೆ ಬೇಕು. ಡಾಕ್ಟರ್ ಸಾರ್ ಹನ್ನೆರಡಕ್ಕೆ ಬೇರೆ ಊರಿಗೆ ಹೊರಡಬೇಕು. ನಾನು ಆ ಪಟ್ಟಿಯನ್ನು ಮುದುಡಿ ಕಸದ ಡಬ್ಬಕ್ಕೆ ಹಾಕಿದೆ.

"ರೆಡಿ ಸಾರ್," ಎಂದೆ.

ನನ್ನ ದನಿ ನಡುಗಲಿಲ್ಲ. ಅದೇ ನನಗೆ ಈಗಲೂ ಹೆದರಿಕೆ ತರಿಸುವ ವಿಷಯ. ಆಪರೇಷನ್‌ಗಳು ಮುಗಿದ ಮೇಲೆ ಡಬ್ಬಿಯಿಂದ ಕಪ್ಪು ಪಟ್ಟಿಯೊಂದನ್ನು ತೆಗೆದು ಅಂಟಿಸಿ, ಸಹಿ ಹಾಕಿ, ಊಟದ ಡಬ್ಬಿ ಬಿಚ್ಚಿದೆ.

ಶುಕ್ರವಾರ ಬೆಳಿಗ್ಗೆ ರೇಷ್ಮೆಯಮ್ಮ ವಾಪಸ್ಸು ಬಂದಳು. ಕಣ್ಣು ಕೆಂಡವಾಗಿ, ಕೀವು ಸೋರಿ, ನೋವಿಗೆ ತಲೆ ಗೋಡೆಗೆ ಒರಗಿಸಿಕೊಂಡು ನಿಂತಿದ್ದಳು. ಮಧ್ಯಾಹ್ನಕ್ಕೆ ಟೇಕಲ್ ಕಡೆಯ ಒಬ್ಬ ಯಜಮಾನರು ಬಂದರು, ಅದೇ ರೀತಿ. ಡಾಕ್ಟರ್ ಸಾರ್ ಟಾರ್ಚ್ ಹಾಕಿ ಇಬ್ಬರನ್ನೂ ನೋಡಿದರು. ಕಣ್ಣಿನೊಳಗೇ ಸೋಂಕು, ತಕ್ಷಣ ಬೆಂಗಳೂರಿಗೆ ಎಂದರು. ಇಬ್ಬರನ್ನೂ ಆಂಬುಲೆನ್ಸ್‌ನಲ್ಲಿ ಕಳಿಸಿ, ಥಿಯೇಟರ್ ಮುಚ್ಚಿದರು.

ನಾನು ಆಪರೇಷನ್ ಲಿಸ್ಟ್ ತೆಗೆದು ನೋಡಿದೆ. ಮೊದಲ ಆರು ಜನಕ್ಕೆ ಏನೂ ಆಗಿರಲಿಲ್ಲ. ಕೊನೆಯ ಮೂವರಲ್ಲಿ ಇಬ್ಬರಿಗೆ ಆಗಿತ್ತು. ಲಿಸ್ಟನ್ನು ಹಾಗೇ ಮಡಿಸಿ ಫೈಲಿನೊಳಗೆ ಇಟ್ಟುಬಿಟ್ಟೆ.

ಯಜಮಾನರ ಕಣ್ಣು ಉಳಿಯಿತು. ರೇಷ್ಮೆಯಮ್ಮನದು ಉಳಿಯಲಿಲ್ಲ.

ಆ ಭಾನುವಾರ ಬೆಂಗಳೂರಿನ ಮೆಕ್ಯಾನಿಕ್ ಬಂದ. ಅಷ್ಟು ದಿನ ಬಾರದವನು ಅವತ್ತು ಬಂದು ಒಂದು ಗಂಟೆಯಲ್ಲಿ ಹೊಸ ರಬ್ಬರು ಹಾಕಿ ಹೋದ. ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರ್ ಮೊದಲೇ ತರಿಸಿದ್ದರೆ? ಆ ಸಿಟ್ಟು ನನಗೆ ಬಹಳ ಹಿತವಾಗಿತ್ತು, ನಿಜ ಹೇಳುತ್ತೇನೆ. ಸಿಟ್ಟಿನಲ್ಲಿದ್ದಾಗ ಡಬ್ಬಿಯ ನೆನಪು ಬರುತ್ತಿರಲಿಲ್ಲ. ಅದೇ ಸಿಟ್ಟಿನಲ್ಲಿ ಜಿಲ್ಲಾ ಆರೋಗ್ಯ ಕಚೇರಿಗೆ ಹೆಸರಿಲ್ಲದ ಒಂದು ಪತ್ರ ಬರೆದೆ. ಅಕ್ಷರ ಗುರುತು ಸಿಗಬಾರದೆಂದು ಬಿಡಿಬಿಡಿಯಾಗಿ ದೊಡ್ಡದಾಗಿ ಬರೆದು, ಕೋಲಾರದಲ್ಲಿ ಹಾಕಿದರೆ ಅನುಮಾನ ಬರುತ್ತದೆಂದು ನಮ್ಮೂರು ಮಾಲೂರಿನಲ್ಲಿ ಅಂಚೆಗೆ ಹಾಕಿದೆ.

ಆಟೋಕ್ಲೇವ್ ಕೆಟ್ಟಿದ್ದರೂ ಆಡಳಿತದವರು ರಿಪೇರಿ ಮಾಡಿಸದೆ ಆಪರೇಷನ್ ನಡೆಸಿದ್ದಾರೆ ಎಂದು ಬರೆದೆ. ಅದು ನಿಜ. ಪತ್ರ ಓದಿ ನೋಡಿದೆ, ನಾಲ್ಕೇ ಸಾಲು, ತೂಕ ಸಾಲದು ಎನ್ನಿಸಿತು. ಇನ್ನೂ ಒಂದು ಸಾಲು ಸೇರಿಸಿದೆ: "ತರಬೇತಿ ಇಲ್ಲದ ಆಯಾಗಳಿಂದ ಆಪರೇಷನ್ ಸಾಮಾನುಗಳನ್ನು ತೊಳೆಸುತ್ತಾರೆ." ನಿಯಮದ ಪ್ರಕಾರ ಅದೂ ಸರಿಯೇ. ತರಬೇತಿ ಪಡೆದ ಟೆಕ್ನಿಷಿಯನ್ ತೊಳೆಯಬೇಕು. ಪತ್ರ ತುಂಬಿಸಲಿಕ್ಕೆ ಬರೆದ ಸಾಲು ಅದು, ಅದರಲ್ಲಿ ಒಬ್ಬ ಮನುಷ್ಯಳಿದ್ದಾಳೆ ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಡಬ್ಬಿಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಹತ್ತು ದಿನಕ್ಕೆ ವಿಚಾರಣೆಯವರು ಬಂದರು. ಮುಂದಾಳು ಒಬ್ಬ ಮಹಿಳಾ ಅಧಿಕಾರಿ, ಸ್ವತಃ ಡಾಕ್ಟರು, ನಿಧಾನದ ಮನುಷ್ಯರು. ಯಂತ್ರವನ್ನು ಓಡಿಸಿ ನೋಡಿದರು. ಹೊಸ ರಬ್ಬರು, ಹಬೆ ಒಂದಿಷ್ಟೂ ಸೋರಲಿಲ್ಲ. ಅದನ್ನು ಈಚೆಗೆ ಬದಲಿಸಿದ್ದು ಎಂದು ಯಾರೂ ಹೇಳಲಿಲ್ಲ. ಜೀವಂತ ಕ್ರಿಮಿಯ ಸೀಸೆ ಇಟ್ಟು ಪರೀಕ್ಷಿಸಿದರು, ಸತ್ತು ಬಂದವು. ಆಮೇಲೆ ರಿಜಿಸ್ಟರ್ ಕೇಳಿದರು.

ನಾನೇ ತಂದುಕೊಟ್ಟೆ. ಅವರು ಮೂರು ತಿಂಗಳ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. ಕಪ್ಪು, ಕಪ್ಪು, ಕಪ್ಪು. ಆ ಬುಧವಾರದ ಪುಟದಲ್ಲಿ ಬೆರಳಿಟ್ಟು ಮೂರೂ ಪಟ್ಟಿಗಳನ್ನು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು.

"ರೆಕಾರ್ಡ್ ತುಂಬಾ ಚೆನ್ನಾಗಿ ಇಟ್ಟಿದ್ದೀರಿ ಸಿಸ್ಟರ್," ಎಂದರು. "ಮಿಷಿನ್ ಕೆಟ್ಟಿತ್ತು ಅಂತ ದೂರು ಬಂದಿದೆ. ಆದರೆ ಇದರಲ್ಲಿ ಹಾಗೇನೂ ಕಾಣ್ತಾ ಇಲ್ಲವಲ್ಲ?"

ನನ್ನ ಪತ್ರವನ್ನು ನನ್ನ ರಿಜಿಸ್ಟರೇ ಸುಳ್ಳು ಮಾಡಿತ್ತು. ಮ್ಯಾನೇಜರ್ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು. ಈಗ ಹೇಳು, ಈಗ ಹೇಳು ಎಂದು ಒಳಗೆ ಹೊಡೆದುಕೊಳ್ಳುತ್ತಿತ್ತು. "ಹೌದು ಮೇಡಂ," ಎಂದೆ. ಯಾವುದಕ್ಕೆ ಹೌದು ಎಂದೆನೋ ನನಗೇ ಗೊತ್ತಿಲ್ಲ.

ಆಗ ಅವರು ಪತ್ರದ ಕೊನೆಯ ಸಾಲಿಗೆ ಬಂದರು. ತೊಳೆಯುವವರು ಯಾರು, ಕರೆಯಿರಿ ಎಂದರು. ಆಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಎಷ್ಟು ಓದಿದ್ದೀಯಮ್ಮ?"

"ಓದಿಲ್ಲಮ್ಮ."

"ಟ್ರೈನಿಂಗ್ ಏನಾದ್ರೂ ಆಗಿದೆಯಾ?"

"ಸಿಸ್ಟರಮ್ಮ ಹೇಳ್ಕೊಟ್ಟವ್ರೆ."

"ಮಿಷಿನ್ ವಿಷಯ ನಿನಗೇನಾದ್ರೂ ಗೊತ್ತಾ? ಕೆಟ್ಟಿತ್ತಾ?"

ಆಯಮ್ಮ ನನ್ನ ಕಡೆ ನೋಡಿದಳು. ರಬ್ಬರು ಹೋಗಿದೆ ಎಂದು ನನಗೇ ಹೇಳಿದವಳು ಅವಳು. ಡಬ್ಬಿಯಿಂದ ನಾನು ಪಟ್ಟಿ ತೆಗೆಯುವುದನ್ನು ದಿನಾ ನೋಡಿದವಳೂ ಅವಳೇ. ಒಂದು ಮಾತು ಸಾಕಿತ್ತು.

"ನಂಗೇನು ತಿಳೀತದಮ್ಮ, ಸಿಸ್ಟರಮ್ಮನ್ನೇ ಕೇಳ್ಬೇಕು," ಎಂದು ತಲೆ ತಗ್ಗಿಸಿದಳು.

ತೊಳೆಯುವ ಸಿಂಕಿನಿಂದ ಸ್ವಾಬ್ ತೆಗೆದುಕೊಂಡು ಹೋದರು. ಅದರಲ್ಲಿ ಕ್ರಿಮಿ ಬೆಳೆಯಿತೆಂದು ವರದಿ ಬಂತು. ಯಾವ ಆಸ್ಪತ್ರೆಯ ಸಿಂಕಿನಲ್ಲಿ ನೋಡಿದರೂ ಬೆಳೆಯುತ್ತದೆ, ಅದಕ್ಕೇ ಅಲ್ಲವೇ ಆಮೇಲೆ ಆಟೋಕ್ಲೇವ್ ಇರುವುದು? ತರಬೇತಿ ಇಲ್ಲದವರಿಂದ ತೊಳೆಸಬಾರದು ಎಂದಷ್ಟೇ ಅಧಿಕಾರಿ ಬರೆದಿದ್ದರು. ಮ್ಯಾನೇಜರ್‌ಗೆ ಅಷ್ಟು ಸಾಕಾಯಿತು. ಆಯಮ್ಮನನ್ನು ಕರೆದು, ನಿನ್ನ ಕೈಯಿಂದ ಒಬ್ಬರ ಕಣ್ಣು ಹೋಯಿತು, ನಾಳೆಯಿಂದ ಬರಬೇಡ ಎಂದರು. ಎಲ್ಲರ ಮುಂದೆ, ಕಾರಿಡಾರಿನಲ್ಲಿ.

ಅವಳು ತನ್ನ ಸ್ಟೀಲ್ ಲೋಟ, ಚಪ್ಪಲಿ ತೆಗೆದುಕೊಳ್ಳಲು ಥಿಯೇಟರಿಗೆ ಬಂದಳು. ನಾನು ಗಾಜ್ ಬಟ್ಟೆ ಮಡಿಸುತ್ತಾ ಕೂತಿದ್ದೆ. ತಲೆ ಎತ್ತಲಿಲ್ಲ.

"ಸಿಸ್ಟರಮ್ಮ, ನಾನು ಸರೀಗೆ ತೊಳೀಲಿಲ್ವಾ?" ಎಂದು ಕೇಳಿದಳು. ಬೈಯುವ ದನಿಯಲ್ಲ. ಅವಳಿಗೇ ಅನುಮಾನ ಬಂದುಬಿಟ್ಟಿತ್ತು.

"ಹೋಗು ಆಯಮ್ಮ, ಆಮೇಲೆ ಮಾತಾಡೋಣ," ಎಂದೆ.

ಥೂ, ನನ್ನ ನಾಲಿಗೆಗಿಷ್ಟು!

ಥಿಯೇಟರ್ ಮತ್ತೆ ಶುರುವಾಯಿತು. ಯಂತ್ರ ಸರಿಯಾಗಿತ್ತು, ಹೊಸ ಟೆಕ್ನಿಷಿಯನ್ ಬಂದಿದ್ದ, ಪಟ್ಟಿಗಳೆಲ್ಲ ತಾವಾಗಿಯೇ ಕಪ್ಪಾಗುತ್ತಿದ್ದವು. ಇನ್ನು ಯಾರಿಗೂ ಅಪಾಯವಿಲ್ಲ, ಈಗ ಬಾಯಿ ಬಿಟ್ಟರೆ ಏನು ಪ್ರಯೋಜನ ಎಂದು ದಿನಾ ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ. ಡಬ್ಬಿ ಬೀರುವಿನ ಮೇಲಿನ ಅರೆಯಲ್ಲಿತ್ತು. ಅದನ್ನು ಎಸೆಯಲೂ ಇಲ್ಲ, ತೆಗೆಯಲೂ ಇಲ್ಲ. ಆಯಮ್ಮ ಮತ್ತೆ ಎರಡು ಕಡೆ ಕೆಲಸ ಕೇಳಲು ಹೋಗಿದ್ದಳೆಂದು ಗೊತ್ತಾಯಿತು. ಕೋಲಾರದಂಥ ಊರಿನಲ್ಲಿ ನರ್ಸಿಂಗ್ ಹೋಮಿನವರಿಗೆಲ್ಲ ಒಬ್ಬರಿಗೊಬ್ಬರು ಗೊತ್ತು. ಎರಡೂ ಕಡೆ ಬಾಗಿಲಲ್ಲೇ ಕಳಿಸಿದ್ದರು.

ಒಂದೂವರೆ ತಿಂಗಳು ಕಳೆದ ಮೇಲೆ ರೇಷ್ಮೆಯಮ್ಮ ತೋರಿಸಿಕೊಳ್ಳಲು ಬಂದಳು. ಒಂದು ಕಣ್ಣಿಗೆ ಕಪ್ಪು ಕನ್ನಡಕದ ಮರೆ. ಇನ್ನೊಂದು ಕಣ್ಣೂ ಮಸುಕು, ದನಿಯಿಂದಲೇ ನನ್ನನ್ನು ಗುರುತು ಹಿಡಿದಳು.

"ಹುಳ ಏನಾಯ್ತಮ್ಮ?" ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಗೆ ಬಂತು.

"ಸೊಸೆ ಆಯ್ದ್ಳು. ಹಸಿ ಹುಳಾನೂ ಸೇರ್ಸಿ ಚಂದ್ರಿಕೆಗೆ ಬಿಟ್ಟವ್ಳೆ. ಅರ್ಧ ಗೂಡು ಜೊಳ್ಳು. ಏನ್ ಮಾಡ್ತೀಯ, ನನ್ ಹಣೇಬರ." ಹಾಗೆಂದವಳು ತಟ್ಟನೆ ಮುಖ ಎತ್ತಿದಳು. "ಆ ಆಯಾ ಎಲ್ಲವ್ಳೆ? ಓಡ್ಸಿದ್ರಂತಲ್ಲ? ಕಾಲೊತ್ತಿ ಒತ್ತಿ ನಗ್ತಾ ಮಾತಾಡಿದ್ಳಲ್ಲಮ್ಮ, ಮುಂಡೆ. ಕೊಳಕು ಕೈಯಾಗೆ ನನ್ ಕಣ್ಣು ಕಿತ್ಕೊಂಡ್ಳು. ಅವ್ಳ ಕೈ ಸೇದೋಗ!"

ನನ್ನ ಕೈಯಲ್ಲಿ ಅವಳ ಕಣ್ಣಿಗೆ ಹಾಕುವ ಹನಿಯ ಸೀಸೆ ಇತ್ತು. ಆ ಶಾಪ ಯಾರಿಗೆ ಸೇರಬೇಕಾದದ್ದೋ ಆ ನಾನೇ ಅವಳ ಎದುರು ನಿಂತು ಅವಳ ರೆಪ್ಪೆ ಎತ್ತಿ ಹಿಡಿದಿದ್ದೆ. ನನಗೆ ಶಾಪ ತಟ್ಟುವ ನಂಬಿಕೆ ಇಲ್ಲ. ಆದರೆ ಕಣ್ಣು ಕಳೆದುಕೊಂಡವಳಿಗೆ ಶಪಿಸಲಿಕ್ಕೂ ಸರಿಯಾದ ಮನುಷ್ಯಳನ್ನು ನಾನು ಬಿಟ್ಟುಕೊಟ್ಟಿರಲಿಲ್ಲ. ಹನಿ ಹಾಕಿದೆ. ಕೈ ತೊಳೆದುಕೊಂಡೆ. ಅರ್ಧ ದಿನ ರಜೆ ಬರೆದುಕೊಟ್ಟು ಜಿಲ್ಲಾ ಆರೋಗ್ಯ ಕಚೇರಿಗೆ ಆಟೋ ಹತ್ತಿದೆ.

ಆ ಅಧಿಕಾರಿ ಮೇಡಂ ಮೊದಲು ನನ್ನನ್ನು ನಂಬಲಿಲ್ಲ. ಕೆಲಸದಿಂದ ತೆಗೆದವಳ ಮೇಲಿನ ಕನಿಕರಕ್ಕೆ ಏನೋ ಹೇಳುತ್ತಿದ್ದಾಳೆ ಎಂದುಕೊಂಡರು.

"ಪಟ್ಟಿ ಕಪ್ಪಾಗಿಯೇ ಇದೆಯಲ್ಲ ಸಿಸ್ಟರ್. ನಾನೇ ನೋಡಿದ್ದೇನೆ."

"ಮುಂದುಗಡೆ ನೋಡಿದ್ದೀರಿ ಮೇಡಂ. ಬೆನ್ನು ನೋಡಿಲ್ಲ."

ಮಾರನೆಯ ದಿನ ಅವರು ಹೇಳದೆ ಕೇಳದೆ ಬಂದರು. ರಿಜಿಸ್ಟರನ್ನು ಮೇಜಿನ ಮೇಲೆ ಹರಡಿದರು. ಮ್ಯಾನೇಜರ್ ಓಡಿ ಬಂದರು. ನಾನು ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ಆ ಬುಧವಾರದ ಮೂರನೇ ಪಟ್ಟಿಯ ಮೇಲಿಟ್ಟು, ಗೋಂದು ನೆನೆಯುವವರೆಗೆ ಕಾದೆ. ಗಾಯಕ್ಕೆ ಅಂಟಿದ ಡ್ರೆಸ್ಸಿಂಗ್ ಬಿಡಿಸುವಂತೆ ಚಿಮಟದಲ್ಲಿ ಒಂದು ಮೂಲೆಯಿಂದ ಎತ್ತಿದೆ.

"ಸಿಸ್ಟರ್, ಏನ್ ಮಾಡ್ತಿದ್ದೀರಾ ನೀವು? ಅದು ಆಸ್ಪತ್ರೆ ದಾಖಲೆ!" ಎಂದು ಮ್ಯಾನೇಜರ್ ಕೂಗಿದರು.

"ಗೊತ್ತು ಸಾರ್. ನಾನೇ ಮಾಡಿದ್ದು."

ಪಟ್ಟಿಯನ್ನು ಮಗುಚಿ ಇಟ್ಟೆ. ಪೆನ್ಸಿಲಿನಲ್ಲಿ ನನ್ನ ದುಂಡು ಅಕ್ಷರ. ಆ ಬುಧವಾರಕ್ಕಿಂತ ಎಂಟು ದಿನ ಹಿಂದಿನ ತಾರೀಕು, ಲೋಡು ಒಂದು. ಮೇಡಂ ಹಿಂದಿನ ಪುಟ ತೋರಿಸಿದರು. ಅದನ್ನೂ ನೆನೆಸಿ ಕಿತ್ತೆ. ಲೋಡು ಒಂದು. ಅದರ ಹಿಂದಿನದು, ಲೋಡು ಒಂದು. ಹೀಗೆ ಸುಮಾರು ಎರಡು ಗಂಟೆ ಕಿತ್ತೆ. ಕೆಲವು ನಿಜವಾದವೂ ಇದ್ದವು, ಅವು ಬಂದಾಗ ನನಗೆ ನಾಚಿಕೆ ಇನ್ನೂ ಹೆಚ್ಚಾಗುತ್ತಿತ್ತು, ಎಷ್ಟು ಸುಲಭವಾಗಿ ಸರಿಯಾಗಿ ಮಾಡಬಹುದಿತ್ತಲ್ಲ ಎಂದು. ಕೊನೆಗೆ ಬೀರುವಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಒಳಗೆ ಇನ್ನೂ ಹನ್ನೊಂದು ಇದ್ದವು.

"ರಬ್ಬರು ಕೆಟ್ಟಿದೆ ಅಂತ ಮೊದಲು ಹೇಳಿದ್ದು ಆಯಮ್ಮ," ಎಂದೆ. "ಅದನ್ನೂ ಬರ್ಕೊಳ್ಳಿ ಮೇಡಂ."

ಬರೆದುಕೊಂಡರು. ನನ್ನ ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಹೆಸರಿಲ್ಲದ ಪತ್ರದ ವಿಷಯ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೋಡಿ, ಅಲ್ಲೂ ಒಂದನ್ನು ಉಳಿಸಿಕೊಂಡೆ.

ನನ್ನನ್ನು ಕೆಲಸದಿಂದ ತೆಗೆದರು, ನರ್ಸಿಂಗ್ ನೋಂದಣಿಯ ಮೇಲೆ ವಿಚಾರಣೆ ನಡೆಯುತ್ತಿದೆ. ಅದು ಆಗಬೇಕಾದ್ದೇ. ಮ್ಯಾನೇಜರ್‌ಗೂ ನೋಟೀಸು ಹೋಗಿದೆ. ರೇಷ್ಮೆಯಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, ಒಳಗೆ ಎದ್ದು ಹೋದಳು. ಸೊಸೆ ಬಂದು, ಅತ್ತೆ ನಿಮ್ಮನ್ನ ಹೋಗಕ್ ಹೇಳ್ತವ್ರೆ ಎಂದಳು. ಬಂದೆ.

ತಪ್ಪು ಆಯಮ್ಮನದಲ್ಲ ಎಂದು ಸೀಲು ಹಾಕಿದ ಕಾಗದವೊಂದನ್ನು ಅಧಿಕಾರಿ ಮೇಡಂ ಕೊಟ್ಟರು. ಅದನ್ನು ಹಿಡಿದು ಅವಳನ್ನು ಹುಡುಕಿದೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಸಿಕ್ಕಳು. ಬೆಳಗಿನ ಹರಾಜು ಮುಗಿದು ಲಾರಿಗಳು ತುಂಬುವ ಹೊತ್ತು. ಹತ್ತಾರು ಹೆಂಗಸರ ನಡುವೆ ನೆಲದಲ್ಲಿ ಕೂತು ಹಣ್ಣನ್ನು, ದೋರುಗಾಯಿಯನ್ನು, ಸೀಳಿದ್ದನ್ನು ಬೇರೆ ಬೇರೆ ಕ್ರೇಟಿಗೆ ಹಾಕುತ್ತಿದ್ದಳು. ಪ್ರತಿ ಹಣ್ಣನ್ನೂ ಎತ್ತಿ, ತಿರುಗಿಸಿ, ಬುಡ ನೋಡಿಯೇ ಹಾಕುತ್ತಿದ್ದಳು. ಪಕ್ಕದವರು ಯಾರೂ ಹಾಗೆ ಮಾಡುತ್ತಿರಲಿಲ್ಲ.

"ಅಯ್ಯೋ ದೇವುಡಾ, ಸಿಸ್ಟರಮ್ಮ! ನೀವಿಲ್ಲಿ?" ಎಂದು ಎದ್ದಳು.

ಕಾಗದ ಓದಿ ಹೇಳಿದೆ. ಪಟ್ಟಿ ಕಿತ್ತದ್ದನ್ನೂ ಹೇಳಿದೆ. ಅವಳು ಕಾಗದವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಸ್ಪತ್ರೆಯವರು ವಾಪಸ್ಸು ತೆಗೆದುಕೊಳ್ಳುತ್ತಾರಂತೆ ಎಂದೆ. "ಬ್ಯಾಡ ಬಿಡಿ. ಇಲ್ಲಿ ಯಾರೂ ನನ್ ಕೈ ನೋಡಲ್ಲ," ಎಂದಳು.

"ನೀವು ಡಬ್ಬಿ ವಿಷಯ ಅವತ್ತೇ ಯಾಕೆ ಹೇಳ್ಲಿಲ್ಲ ಆಯಮ್ಮ?"

"ನಿಮ್ಗೆ ಕೆಲ್ಸ ಹೋಗ್ತಿತ್ತಲ್ಲ," ಎಂದಳು, ಇದೂ ಒಂದು ಕೇಳುವ ಮಾತೇ ಎನ್ನುವಂತೆ.

ಅಲ್ಲಿಗೆ ಮುಗಿಸಿ ಬರಬಹುದಿತ್ತು. ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕಾಲಿಗೆ ಕ್ರೇಟು ತಾಗಿಸಿಕೊಂಡು ನಿಂತು ಹೇಳಿದೆ: "ಆಯಾಗಳು ತೊಳೀತಾರೆ ಅಂತ ಕಚೇರಿಗೆ ಒಂದು ಪತ್ರ ಹೋಗಿತ್ತಲ್ಲ, ಅದರಿಂದಲೇ ನಿಮ್ಮನ್ನ ಕರೆದದ್ದು. ಅದನ್ನು ಬರೆದವಳು ನಾನೇ."

ಅವಳ ಕೈಯಲ್ಲಿ ಒಂದು ಟೊಮೆಟೊ ಇತ್ತು. ಅದನ್ನು ತಿರುಗಿಸುವುದು ನಿಂತಿತು. ನನ್ನ ಮುಖ ನೋಡಿದಳು. ಅವಳು ನನ್ನನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು.

"ಕೀಲು ಬಿಚ್ಚಿ ತೊಳಿ ಅಂದ್ರಿ, ಬಿಚ್ತಿದ್ದೆ," ಎಂದಳು ನಿಧಾನವಾಗಿ. "ಮೂರು ನೀರು ಅಂದ್ರಿ, ಮೂರು ನೀರಾಕ್ತಿದ್ದೆ. ಕಣ್ಣಿನ ಸಾಮಾನಿಗೆ ಬೇರೆ ಬ್ರಷ್ಷು ಅಂದ್ರಿ, ಬೇರೇನೇ ಇಟ್ಟಿದ್ದೆ. ಒಂದಿನ ತಪ್ಸಿದ್ನಾ?"

"ಇಲ್ಲ."

"ಬರ್ಯೋರು ಅದನ್ನ ಬರೀಬೇಕಿತ್ತು."

ಕೂತುಕೊಂಡಳು. ಮತ್ತೆ ಹಣ್ಣು ಎತ್ತಿ, ತಿರುಗಿಸಿ, ಬುಡ ನೋಡತೊಡಗಿದಳು. ಲಾರಿಯವನು ಹಾರನ್ ಹೊಡೆದ. ನಾನು ಪಕ್ಕಕ್ಕೆ ಸರಿದು ನಿಂತೆ, ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದೆ.

ಈಗ ಬರೆಯುತ್ತಿದ್ದೇನೆ. ಆಯಮ್ಮ ಪ್ರತಿಯೊಂದು ಸಾಮಾನನ್ನೂ ಕೀಲು ಬಿಚ್ಚಿ, ಮೂರು ನೀರಿನಲ್ಲಿ, ಬೇರೆ ಬ್ರಷ್ಷಿನಲ್ಲಿ ತೊಳೆಯುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.